ಮಂಗಳವಾರ ನೋವಿರಲ್ಲ

“ಇಲ್ಲಿ ಒತ್ತಿದ್ರೆ?”

“ಇಲ್ಲ.”

“ಇಲ್ಲಿ?”

“ಈಗ ಇಲ್ಲ.”

“ಇಲ್ಲೂ ಇಲ್ವಾ? ಮತ್ತೆ ನೋವನ್ನ ಮನೇಲೇ ಬಿಟ್ಟು ಬಂದ್ಯಾ?” ಎಂದು ಡಾಕ್ಟರು ತಮ್ಮ ಜೋಕಿಗೆ ತಾವೇ ನಕ್ಕರು.

ಪಿಟೀಲು ನಗಲಿಲ್ಲ. ಎತ್ತರದ ಮಂಚದ ಮೇಲೆ ಅಂಗಾತ ಮಲಗಿ ಫ್ಯಾನಿನ ರೆಕ್ಕೆಗೆ ಅಂಟಿದ ಧೂಳನ್ನು ನೋಡುತ್ತಿದ್ದಳು. ಇವರು ನಾಲ್ಕನೇ ಡಾಕ್ಟರು. ಮೊದಲನೆಯವರು ಗ್ಯಾಸ್ ಅಂದಿದ್ದರು. ಎರಡನೆಯವರು ಜಂತುಹುಳು ಅಂದಿದ್ದರು. ಮೂರನೆಯವರು ಅವಳ ಮುಖವನ್ನೂ ನೋಡದೆ ಗುಲಾಬಿ ಬಣ್ಣದ ಸಿರಪ್ ಬರೆದುಕೊಟ್ಟಿದ್ದರು.

ಪಿಟೀಲು ಅವಳ ನಿಜವಾದ ಹೆಸರಲ್ಲ. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ, ಒಂದೇ ರಾಗದಲ್ಲಿ, ಗಂಟೆಗಟ್ಟಲೆ ಅಳುತ್ತಿದ್ದಳಂತೆ. ಅಪ್ಪ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತು. ಈಗ ಅವಳಿಗೆ ಹತ್ತು ವರ್ಷ. ಅಳು ಕಡಿಮೆಯಾಗಿದೆ. ಹಟ ಹಾಗೇ ಇದೆ.

“ರಕ್ತ ನಾರ್ಮಲ್. ಸ್ಕ್ಯಾನ್ ನಾರ್ಮಲ್. ಏನೂ ಇಲ್ಲ,” ಎಂದು ಡಾಕ್ಟರು ಫೈಲು ಮುಚ್ಚಿದರು. “ಹೋದ ವಾರ ನೋವು ಬಂತಲ್ಲ, ಆವತ್ತು ಸ್ಕೂಲಲ್ಲಿ ಏನಿತ್ತು ಪುಟ್ಟಾ?”

“ಮ್ಯಾತ್ಸ್ ಟೆಸ್ಟ್.”

ಹೇಳಿದ ಮೇಲೆ, ಯಾಕಾದರೂ ಹೇಳಿದೆನೋ ಅನ್ನಿಸಿತು. ಡಾಕ್ಟರು ಅಮ್ಮನ ಕಡೆ ನೋಡಿ ಹುಬ್ಬು ಹಾರಿಸಿದರು.

“ಆದ್ರೆ ನಂಗೆ ಮ್ಯಾತ್ಸ್ ಇಷ್ಟ!” ಪಿಟೀಲು ಎದ್ದು ಕೂತಳು. “ಅದಕ್ಕಿಂತ ಮುಂಚೆ ಭಾನುವಾರಾನೂ ಬಂದಿತ್ತು. ಭಾನುವಾರ ಯಾವ ಟೆಸ್ಟ್ ಇರುತ್ತೆ?”

“ಆಯ್ತು ಆಯ್ತು,” ಎಂದ ಡಾಕ್ಟರು ಬಾಗಿಲ ಕಡೆ ತಿರುಗಿ, “ಮುಂದಿನವರು!” ಎಂದು ಕೂಗಿದರು.

ಬಸ್ಸಿನಲ್ಲಿ ಅಮ್ಮ, “ನೆಟ್ಟಗೆ ಕೂತ್ಕೋ,” ಎಂದು ಮಗಳ ಫ್ರಾಕಿನ ಸುಕ್ಕು ಸರಿಮಾಡಿದಳು. ಅಮ್ಮನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಾಜನ್ನು ಉಜ್ಜಿ, ಅಂಚು ತಿದ್ದಿ, ಫ್ರೇಮಿಗೆ ಕೂರಿಸಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಜು ಕೂರುವುದಿಲ್ಲ. ಹಾಗಾಗಿ ಅಮ್ಮನಿಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಡಾಕ್ಟರ ಹತ್ತಿರ ಹೋಗುವಾಗಲೂ ಅಷ್ಟೆ: ಇಸ್ತ್ರಿ ಮಾಡಿದ ಫ್ರಾಕು, ಎರಡು ಜಡೆ, ತಾರೀಕಿನ ಪ್ರಕಾರ ಜೋಡಿಸಿದ ಫೈಲು.

ಇಳಿಯುವ ಸ್ಟಾಪು ಹತ್ತಿರ ಬಂದಾಗ ಅಮ್ಮ ಮೆಲ್ಲಗೆ ಕೇಳಿದಳು. “ನಿಜ ಹೇಳು, ಬಯ್ಯಲ್ಲ. ಸ್ಕೂಲಿಗೆ ಹೋಗೋಕೆ ಭಯವಾ?”

ಪಿಟೀಲು ಕಿಟಕಿ ಕಡೆ ತಿರುಗಿದಳು. ನಾಲ್ಕು ಡಾಕ್ಟರು ನಂಬದಿದ್ದರೆ ಪರವಾಗಿಲ್ಲ. ಆದರೆ ಅಮ್ಮ?

ಸಂಜೆ ಪಿಟೀಲು ಉಪ್ಪಿಟ್ಟು ತಿನ್ನುತ್ತಿದ್ದಾಗ ಅಪ್ಪ ಕೆಲಸದಿಂದ ಬಂದವನು, ಟೂಲ್ ಬ್ಯಾಗನ್ನು ದಪ್ಪೆಂದು ಕೆಳಗಿಟ್ಟ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು.

“ಆ ಎಂಟು ಮಹಡಿ ಕಟ್ಟಡದ ಲಿಫ್ಟಿಗೆ ನನ್ನ ಕಂಡ್ರೆ ಆಗಲ್ಲ,” ಎಂದ. “ನಾಲ್ಕು ಐದನೇ ಮಹಡಿ ಮಧ್ಯೆ ಸಿಕ್ಕಿಹಾಕ್ಕೊಳುತ್ತಂತೆ. ಒಳಗಿರೋರು ಬಾಯಿ ಬಡ್ಕೋತಾರಂತೆ. ನಾನು ಹೋಗಿ ನಿಂತ್ರೆ ಮಾತ್ರ, ಒಳ್ಳೇ ಪರೀಕ್ಷೆಗೆ ಓದ್ಕೊಂಡು ಬಂದಿರೋ ಹುಡುಗನ ಥರ ಸರಾಗವಾಗಿ ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ!”

“ಯಾಕೆ ಹಾಗೆ?” ಪಿಟೀಲು ಕೇಳಿದಳು.

“ವಾಚ್‌ಮನ್ ಮಾಡೋ ಕೆಲಸ. ಲಿಫ್ಟ್ ನಿಂತ್ರೆ ಸಾಕು, ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡ್ತಾನೆ. ಲಿಫ್ಟು ಎಲ್ಲಾ ಮರೆತು ಹೊಸದಾಗಿ ಶುರು ಮಾಡುತ್ತೆ. ಆಮೇಲೆ ನಂಗೆ ಫೋನು. ನಾನು ಹೋಗಿ ನೋಡೋದು ಏನನ್ನ? ಸರಿಯಾಗಿರೋ ಲಿಫ್ಟನ್ನ! ಮೂರು ಸಲ ‘ಏನೂ ತೊಂದರೆ ಇಲ್ಲ’ ಅಂತ ಬರೆದು ಸೈನ್ ಹಾಕಿ ಬಂದಿದೀನಿ. ಒಳಗೆ ಎಲ್ಲೋ ಏನೋ ಇದೆ ಅಂತ ಗೊತ್ತು. ಕೈಗೆ ಸಿಗ್ತಿಲ್ಲ.”

“ಮತ್ತೆ ಏನ್ಮಾಡ್ತೀಯ?”

“ಇವತ್ತು ಖಡಾಖಂಡಿತವಾಗಿ ಹೇಳಿ ಬಂದೆ. ಇನ್ನೊಂದು ಸಲ ನಿಂತ್ರೆ ಒಳಗಿರೋರನ್ನ ಇಳಿಸಿ. ಸ್ವಿಚ್ ಮುಟ್ಟಬೇಡಿ. ನಂಗೆ ಕರೀರಿ. ಕೆಟ್ಟಿರೋವಾಗ್ಲೇ ನೋಡ್ಬೇಕು.”

ಪಿಟೀಲು ಚಮಚವನ್ನು ತಟ್ಟೆಯಲ್ಲೇ ಬಿಟ್ಟಳು. ಆಮೇಲೆ, “ಅಪ್ಪಾ, ನಿನ್ನ ಹತ್ರ ಲಾಗ್ ಬುಕ್ ಒಂದು ಎಕ್ಸ್‌ಟ್ರಾ ಇದೆಯಾ?” ಎಂದು ಕೇಳಿದಳು.

ಪ್ರತಿ ಲಿಫ್ಟಿಗೂ ಒಂದು ಲಾಗ್ ಬುಕ್ ಇರುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಏನಾಯಿತು, ಯಾರು ನೋಡಿದರು ಎಂದು ಅದರಲ್ಲಿ ಬರೆಯಬೇಕು. ಅಪ್ಪ ಕೊಟ್ಟ ಹೊಸ ಪುಸ್ತಕದಲ್ಲಿ ಪಿಟೀಲು ‘ಮಹಡಿ’ ಅಂತ ಇದ್ದ ಕಡೆ ಹೊಡೆದುಹಾಕಿ ‘ಜಾಗ’ ಎಂದು ಬರೆದಳು. ಸ್ಕೂಲ್ ಡೈರಿಯಲ್ಲಿದ್ದ ರಜೆ ಚೀಟಿಗಳನ್ನು ತೆಗೆದಳು. ಫೈಲಿನಲ್ಲಿದ್ದ ಡಾಕ್ಟರ ಚೀಟಿಗಳನ್ನು ಪಕ್ಕದಲ್ಲಿಟ್ಟಳು.

ಒಂಬತ್ತನೇ ತಾರೀಕು ನೋವು. ಹದಿಮೂರಕ್ಕೆ ಡಾಕ್ಟರು.

ಎರಡನೇ ತಾರೀಕು ನೋವು. ಏಳಕ್ಕೆ ಡಾಕ್ಟರು.

ಹೀಗೇ ನಾಲ್ಕು ಸಾಲು. ನಾಲ್ಕು ದಿನ, ಐದು ದಿನ, ಆರು ದಿನ, ಮತ್ತೆ ಆರು ದಿನ.

“ಅಮ್ಮಾ, ಇಲ್ಲಿ ನೋಡು. ನಾವೂ ವಾಚ್‌ಮನ್ ಥರಾನೇ ಮಾಡ್ತಿದೀವಿ. ನೋವು ಹೋದ ಮೇಲೆ ಡಾಕ್ಟರ ಹತ್ರ ಹೋಗ್ತೀವಿ.”

ಅಮ್ಮ ಪುಸ್ತಕ ನೋಡಿದಳು. ಮುಖ ಗಂಟಿಕ್ಕಿಕೊಂಡಿತು. “ಒದ್ದಾಡ್ತಿರೋ ಮಗೂನ ಹಾಗೇ ಎತ್ಕೊಂಡು ಬಸ್ ಹತ್ಲಾ? ಬಿಸಿನೀರಿನ ಬ್ಯಾಗ್ ಇಡ್ಬೇಕು, ಮಲಗಿಸ್ಬೇಕು. ಅಪಾಯಿಂಟ್‌ಮೆಂಟ್ ತಗೋಬೇಕು. ಹಾಗೆಲ್ಲಾ ಕೆದರಿದ ತಲೇಲಿ ಹೋದ್ರೆ ಯಾರು ಮರ್ಯಾದೆ ಕೊಡ್ತಾರೆ?”

“ಅವಳು ಹೇಳೋದ್ರಲ್ಲಿ ಪಾಯಿಂಟ್ ಇದೆ ಕಣೇ,” ಎಂದ ಅಪ್ಪ.

“ಮಗು ಲಿಫ್ಟ್ ಅಲ್ಲ ರೀ!”

ಅಪ್ಪ ಟೂಲ್ ಬ್ಯಾಗನ್ನು ಮೂಲೆಗೆ ಸರಿಸಿದ. ಪಿಟೀಲು ಬಿಡಲಿಲ್ಲ. “ಇನ್ನೊಂದು ಸಲ ಬಂದ್ರೆ ಆಗ್ಲೇ ಹೋಗೋಣ ಅಮ್ಮಾ.”

“ಇನ್ನೊಂದು ಸಲ ಬರೋದೇ ಬೇಡ.”

“ಬಂದ್ರೆ?”

“ಬಂದ್ರೆ ನೋಡೋಣ.”

“ನೋಡೋಣ ಅಲ್ಲ. ಹೋಗೋಣ ಅನ್ನು.”

“ಆಯ್ತು ತಾಯಿ, ಹೋಗೋಣ! ಪಿಟೀಲು ಕುಯ್ಯೋದು ನಿಲ್ಲಿಸು.”

ಅಲ್ಲಿಂದ ಶುರುವಾಯಿತು ಒಂದು ವಿಚಿತ್ರ ಕಾಯುವಿಕೆ. ಹಬ್ಬಕ್ಕೆ ಕಾಯಬಹುದು, ರಜೆಗೆ ಕಾಯಬಹುದು. ನೋವಿಗೆ ಯಾರಾದರೂ ಕಾಯುತ್ತಾರಾ? ಬರದಿದ್ದರೆ ಸಾಕು ಅನ್ನಿಸುತ್ತಿತ್ತು. ಮರುಗಳಿಗೆ, ಬಂದು ಸಿಕ್ಕಿಬೀಳಲಿ ಅನ್ನಿಸುತ್ತಿತ್ತು.

ಬೆಂಚಿನ ಗೆಳತಿಗೆ ಮಾತ್ರ ವಿಷಯ ಗೊತ್ತು. ಅವಳ ಬಾಯಿ ಯಾವಾಗಲೂ ಆನ್ ಇರುವುದರಿಂದ ಎಲ್ಲರೂ ಅವಳನ್ನು ರೇಡಿಯೋ ಅನ್ನುತ್ತಿದ್ದರು.

“ಇವತ್ತು ಬಂತಾ ನಿನ್ನ ಗೆಸ್ಟು?” ಎಂದು ದಿನಾ ಕೇಳುತ್ತಿದ್ದಳು.

“ಇಲ್ಲ.”

“ಹೆದರಿರಬೇಕು. ಪುಸ್ತಕ ನೋಡಿ.”

ಹತ್ತೊಂಬತ್ತನೇ ದಿನ ಬಂತು. ಗುರುವಾರ, ಊಟದ ಬೆಲ್ ಆಗಿ ಸ್ವಲ್ಪ ಹೊತ್ತಿಗೆ. ಮೊದಲು ಪಕ್ಕೆಲುಬಿನ ಕೆಳಗೆ, ಮಧ್ಯದಲ್ಲಿ, ಯಾರೋ ಮುಷ್ಟಿ ಇಟ್ಟು ತಿರುಚಿದ ಹಾಗೆ. ಆಮೇಲೆ ಅದು ಹೊಟ್ಟೆ ತೂರಿಕೊಂಡು ಬೆನ್ನಿಗೆ ಹೋಯಿತು. ಪಿಟೀಲು ಮೊಣಕಾಲನ್ನು ಎದೆಗೆ ಎಳೆದುಕೊಂಡು ಮುಂದಕ್ಕೆ ಬಾಗಿದಳು.

“ಬರಿ,” ಎಂದಳು ಹಲ್ಲು ಕಚ್ಚಿ. ಬ್ಯಾಗಿನಿಂದ ಪುಸ್ತಕ ತೆಗೆಯಲೂ ಅವಳಿಗೆ ಆಗಲಿಲ್ಲ.

ರೇಡಿಯೋ ಮೊದಲ ಸಲ ಮಾತಿಲ್ಲದೆ ಕೆಲಸ ಮಾಡಿದಳು. ‘ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಶುರು. ಹೊಟ್ಟೆ ಮೇಲುಗಡೆ, ಬೆನ್ನು ಕೂಡ. ಮುಖ ಸುಣ್ಣ. ಬೆವರು. ಎರಡು ಸಲ ವಾಂತಿ. ನೋಡಿದವರು: ನಾನು.’

ಟೀಚರ್ ಓಡಿ ಬಂದರು. “ಮತ್ತೆ ಶುರುವಾಯ್ತಾ? ಹೋಗಿ ಸಿಕ್ ರೂಮಲ್ಲಿ ಮಲಕ್ಕೋ, ಹೋಗುತ್ತೆ.”

“ಮಲಗಿದ್ರೆ ಜಾಸ್ತಿ ಆಗುತ್ತೆ ಮಿಸ್. ಅಪ್ಪಂಗೆ ಫೋನ್ ಮಾಡಿ. ಪ್ಲೀಸ್ ಮಿಸ್. ಈಗ್ಲೇ.”

ಅಪ್ಪ ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಬಂದ. ಆಟೋ ಹಿಡಿದು ಸೀದಾ ದೊಡ್ಡ ಆಸ್ಪತ್ರೆಗೆ. ಅಮ್ಮ ಅಂಗಡಿಯಿಂದ ಓಡಿ ಬಂದು ಗೇಟಿನಲ್ಲಿ ಸಿಕ್ಕಳು. ಮಗಳ ಜಡೆ ಬಿಚ್ಚಿಹೋಗಿತ್ತು. ಫ್ರಾಕಿನ ಮೇಲೆ ವಾಂತಿಯ ಕಲೆ. ಅಮ್ಮನ ಕೈ ತಾನಾಗಿ ಬಾಚಣಿಗೆಗಾಗಿ ಬ್ಯಾಗಿನೊಳಗೆ ಹೋಯಿತು. ಮಗಳು ಅವಳನ್ನೇ ನೋಡುತ್ತಿದ್ದಳು. ಅಮ್ಮ ಬರಿಗೈಯನ್ನು ಹೊರಗೆ ತೆಗೆದು, ಅವಳನ್ನು ಎತ್ತಿಕೊಂಡಳು.

ಕೌಂಟರಿನಲ್ಲಿದ್ದವನು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. “ಅಪಾಯಿಂಟ್‌ಮೆಂಟ್ ಇದೆಯಾ?”

“ಇಲ್ಲ ಸಾರ್, ಮಗೂಗೆ ಹೊಟ್ಟೆನೋವು...” ಅಪ್ಪ ಶುರುಮಾಡಿದ.

“ಹೊಟ್ಟೆನೋವಿಗೆಲ್ಲಾ ಎಮರ್ಜೆನ್ಸಿ ಅಂದ್ರೆ ಹೇಗೆ? ಹೊಟ್ಟೆ ಡಾಕ್ಟರು ಬರೋದು ಮಂಗಳವಾರ. ಬರ್ಕೊಳ್ಲಾ?”

ಅಪ್ಪ ಅಮ್ಮನ ಮುಖ ನೋಡಿದ. ಹಿಂದೆ ನಿಂತಿದ್ದವರು ಆಗಲೇ ತಳ್ಳುತ್ತಿದ್ದರು.

ಪಿಟೀಲು ಅಮ್ಮನ ಹೆಗಲಿನಿಂದ ಜಾರಿ ಇಳಿದಳು. ನೆಟ್ಟಗೆ ನಿಲ್ಲಲು ಆಗಲಿಲ್ಲ. ಕೌಂಟರಿನ ಅಂಚು ಹಿಡಿದು, ಬಾಗಿಯೇ ನಿಂತು, ಪುಸ್ತಕವನ್ನು ಗಾಜಿನ ಕೆಳಗಿನಿಂದ ಒಳಗೆ ತಳ್ಳಿದಳು.

“ಮಂಗಳವಾರ ನೋವಿರಲ್ಲ,” ಎಂದಳು. “ಹೋದ ಸಲವೂ ಇರಲಿಲ್ಲ. ನಾಲ್ಕು ಡಾಕ್ಟರ ಹತ್ರ ಹೋದಾಗ್ಲೂ ಇರಲಿಲ್ಲ. ಈಗ ಇದೆ. ಈಗ ರಕ್ತ ತಗೋಬೇಕು. ತಗೊಳೋವರೆಗೂ ನಾನು ಹೋಗಲ್ಲ.”

ಅವನು ಈಗ ಕಣ್ಣೆತ್ತಿದ. ಅವಳ ಬಿಳಿಚಿದ ಮುಖ ನೋಡಿದ. ಫೋನೆತ್ತಿ ಯಾರಿಗೋ, “ಸ್ವಲ್ಪ ಬರ್ತೀರಾ ಮೇಡಂ?” ಎಂದ.

ಬಂದವರು ಚಿಕ್ಕ ವಯಸ್ಸಿನ ಡಾಕ್ಟರು. ಒಂದು ಶೂ ಲೇಸು ಬಿಚ್ಚಿತ್ತು. ಅವಳನ್ನು ಒಳಗೆ ಕರೆದುಕೊಂಡು ಹೋದರು. ಪುಸ್ತಕದ ಒಂದೊಂದೇ ಸಾಲು ಓದಿದರು.

“ಈ ಅಕ್ಷರ ಯಾರದ್ದು?”

“ರೇಡಿಯೋದು.”

“ಯಾರದ್ದು?”

“ನನ್ನ ಫ್ರೆಂಡು.”

“ಸರಿ,” ಎಂದರು ಡಾಕ್ಟರು, ದಿನಾ ರೇಡಿಯೋಗಳು ಬರೆದದ್ದನ್ನೇ ಓದುವವರ ಹಾಗೆ. “ಮಲಗಿಸಲ್ಲ, ಹೀಗೇ ಕೂತ್ಕೋ. ಮುಂದಕ್ಕೆ ಬಗ್ಗಿದ್ರೆ ಸ್ವಲ್ಪ ಕಮ್ಮಿ ಆಗುತ್ತಾ?”

ಪಿಟೀಲು ಹೌದೆಂದು ತಲೆಯಾಡಿಸಿದಳು. ಅದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ರಕ್ತ ತೆಗೆದರು. ಆಮೇಲೆ ನೋವಿಗೆ ಇಂಜೆಕ್ಷನ್, ಕೈಗೆ ಡ್ರಿಪ್. ಒಂದು ಗಂಟೆ ಕಳೆದು ಡಾಕ್ಟರು ಕಾಗದ ಹಿಡಿದು ಬಂದರು. ಈ ಸಲ ಅವರು ಅಮ್ಮನ ಕಡೆಯಲ್ಲ, ಪಿಟೀಲು ಕಡೆ ತಿರುಗಿ ಮಾತಾಡಿದರು.

“ಹೊಟ್ಟೆಯ ಹಿಂದೆ, ಬೆನ್ನಿಗೆ ಒರಗಿಕೊಂಡು ಒಂದು ಗ್ರಂಥಿ ಇದೆ. ಪ್ಯಾನ್‌ಕ್ರಿಯಾಸ್ ಅಂತ. ಊಟ ಅರಗಿಸೋ ರಸ ಮಾಡೋದು ಅದರ ಕೆಲಸ. ಅದು ಊದಿಕೊಂಡಾಗ ಆ ರಸ ರಕ್ತಕ್ಕೂ ಸೇರುತ್ತೆ. ರಕ್ತದಲ್ಲಿ ಅದು ಅರವತ್ತರ ಒಳಗೆ ಇರ್ಬೇಕು. ನಿಂದು ಎಂಟುನೂರ ನಲವತ್ತು. ನಾಲ್ಕೈದು ದಿನ ಬಿಟ್ಟು ನೋಡಿದ್ರೆ ಇಳಿದುಹೋಗಿರುತ್ತೆ. ಹಾಗಾಗಿ ಇಷ್ಟು ದಿನ ಸಿಕ್ಕಿಲ್ಲ.”

ಎಂಟುನೂರ ನಲವತ್ತು! ಪಿಟೀಲುಗೆ ಅಷ್ಟು ಮಾರ್ಕ್ಸು ಯಾವತ್ತೂ ಬಂದಿರಲಿಲ್ಲ.

“ಯಾಕೆ ಊದ್ಕೊಂಡಿದೆ?”

“ಗೊತ್ತಿಲ್ಲ,” ಎಂದರು ಡಾಕ್ಟರು.

ಪಿಟೀಲು ಅವರನ್ನೇ ನೋಡಿದಳು. ಡಾಕ್ಟರೊಬ್ಬರು ಹಾಗೆ ಹೇಳಿದ್ದನ್ನು ಅವಳು ಕೇಳಿದ್ದು ಇದೇ ಮೊದಲು.

“ಹುಡುಕ್ತೀರಾ?”

“ಹುಡುಕ್ತೀವಿ. ಇನ್ನೊಂದು ದೊಡ್ಡ ಸ್ಕ್ಯಾನ್ ಆಗ್ಬೇಕು. ತುಂಬಾ ಟೆಸ್ಟ್ ಇದೆ. ಬೇಗ ಸಿಗದೇನೂ ಇರಬಹುದು. ನಿಂಗೆ ಬೇಜಾರಾಗಬಹುದು.”

“ಆಗಲ್ಲ,” ಎಂದಳು ಪಿಟೀಲು.

ಡಾಕ್ಟರು ಹೋದರು. ಅಪ್ಪ ಫಾರ್ಮು ತುಂಬಲು ಅವರ ಹಿಂದೆಯೇ ಹೋದ. ಅಮ್ಮ ಮಂಚದ ಪಕ್ಕದಲ್ಲಿ ನಿಂತೇ ಇದ್ದಳು.

ನಾನು ಹೇಳಿರಲಿಲ್ವಾ, ಎನ್ನಬೇಕು ಅಂತ ಪಿಟೀಲು ಎಷ್ಟೋ ದಿನದಿಂದ ಇಟ್ಟುಕೊಂಡಿದ್ದಳು. ಹೇಗೆ ಹೇಳಬೇಕು, ಯಾವ ದನಿಯಲ್ಲಿ, ಎಲ್ಲ ಪ್ರಾಕ್ಟೀಸ್ ಆಗಿತ್ತು. ಬಾಯಿ ತೆರೆಯುವ ಮೊದಲು ಅಮ್ಮನ ಕೈ ಕಂಡಿತು. ಕೂದಲೆಳೆಯಷ್ಟೂ ಅಲುಗದೆ ಗಾಜು ಕೂರಿಸುವ ಕೈ. ಅದು ನಡುಗುತ್ತಿತ್ತು.

‘ಏನೂ ಇಲ್ಲ’ ಎಂದು ಡಾಕ್ಟರು ಹೇಳಿದಾಗಲೆಲ್ಲ ಅಮ್ಮ ಉಸಿರು ಬಿಡುತ್ತಿದ್ದದ್ದು ಪಿಟೀಲುಗೆ ನೆನಪಾಯಿತು. ಆಗೆಲ್ಲ ಅವಳು, ಅಮ್ಮ ತನ್ನನ್ನು ನಂಬುತ್ತಿಲ್ಲ ಅಂದುಕೊಂಡಿದ್ದಳು.

“ಅಮ್ಮಾ, ಭಯ ಆಗ್ತಿದೆಯಾ?”

ಅಮ್ಮ ಇಲ್ಲ ಎನ್ನಲು ಹೋದಳು. ಆಮೇಲೆ, “ಹೂಂ,” ಎಂದಳು. “ಮೊದಲ ದಿನದಿಂದ.”

ಪಿಟೀಲು ಡ್ರಿಪ್ ಇಲ್ಲದ ಕೈಯಿಂದ ದಿಂಬನ್ನು ಆಚೆ ಸರಿಸಿ ಮಂಚದಲ್ಲಿ ಜಾಗ ಮಾಡಿದಳು. ಅಮ್ಮ ಚಪ್ಪಲಿ ಬಿಟ್ಟು ಮೇಲೆ ಹತ್ತಿ, ಅವಳ ಎದುರಿಗೆ ಕೂತಳು. ಪಿಟೀಲು ಮುಂದಕ್ಕೆ ಬಾಗಿ ಅಮ್ಮನ ಹೆಗಲಿಗೆ ಹಣೆ ಆನಿಸಿದಳು. ನೆಟ್ಟಗೆ ಕೂತ್ಕೋ ಎಂದು ಅಮ್ಮ ಹೇಳಲಿಲ್ಲ.