ಇಳಿಯದ ಹಾಯಿ

ಬಹಳ ಬಹಳ ಹಿಂದೆ, ತೆರೆನಾಡು ಎಂಬ ರಾಜ್ಯದಲ್ಲಿ ಗಾಳಿಗೂ ಒಬ್ಬ ಯಜಮಾನನಿದ್ದ. ಅವನು ಮಾಂತ್ರಿಕ ಕಾರಂಡ. ವರ್ಷಕ್ಕೊಮ್ಮೆ ಹವಳದಿಬ್ಬವನ್ನು ಸುತ್ತಿ ಬರುವ ಹಾಯಿದೋಣಿ ಪಂದ್ಯದಲ್ಲಿ ಗೆಲ್ಲುವವನು ಅವನೇ. ಅವನನ್ನು ಹಿಂದೆ ಹಾಕಲು ಹೋದವರು ಕಡಲಹಕ್ಕಿಗಳಾಗುತ್ತಿದ್ದರು. ಅವನು ಒಮ್ಮೆ ಸೋತರೆ ಸಾಕು, ಹಕ್ಕಿಗಳೆಲ್ಲ ಮತ್ತೆ ಮನುಷ್ಯರಾಗುತ್ತವೆ ಎಂದು ಊರಿಗೆಲ್ಲ ಗೊತ್ತಿತ್ತು.

ಹೋದ ವರ್ಷ ಹಕ್ಕಿಯಾದವನು ಗುರುವ. ಈ ವರ್ಷ ಅವನ ತಂಗಿ ದುಗ್ಗಿ ಅದೇ ದೋಣಿ ಹತ್ತಿದಳು. ಹಾಯಿಕಂಬದ ತುದಿಯಲ್ಲಿ ಅಣ್ಣ ರೆಕ್ಕೆ ಮಡಚಿ ಕೂತಿದ್ದ.

ಪಂದ್ಯಕ್ಕೊಂದು ಪದ್ಧತಿಯಿತ್ತು. ದಾರಿಯ ನಡುವೆ ಸಿಗುವ ಕರಿಬಂಡೆಯ ಎದುರು ಎಲ್ಲರೂ ಹಾಯಿ ಇಳಿಸಿ ಕಾರಂಡನಿಗೆ ತಲೆಬಾಗಬೇಕು. ಗುರುವನೂ ಬಾಗಿದ್ದ. ಈಗಲೂ ಎಲ್ಲರೂ ಬಾಗಿದರು. ದುಗ್ಗಿ ಮಾತ್ರ ನೋಡುತ್ತಿದ್ದಳು. ಒಂದೊಂದು ಹಾಯಿ ಇಳಿದಾಗಲೂ ಕಾರಂಡನ ಕಪ್ಪು ಹಾಯಿ ಇನ್ನಷ್ಟು ಉಬ್ಬುತ್ತಿತ್ತು.

“ಗಾಳಿ ಅವನದಲ್ಲ, ನಾವು ಕೊಟ್ಟದ್ದು!” ಎಂದಳು ದುಗ್ಗಿ.

“ಇಳಿಸೇ ಮಾರಾಯ್ತಿ!” ಪಕ್ಕದ ದೋಣಿಯಿಂದ ಸೋಮಜ್ಜ ಕೂಗಿದ. “ನಿನ್ನ ಮೂತಿಗೆ ಕೊಕ್ಕು ಒಪ್ಪುವುದಿಲ್ಲ!”

“ಕೊಕ್ಕು ಬಂದ ಮೇಲೆ ನೋಡುವ, ಅಜ್ಜ. ಇಳಿಸಲ್ಲ.”

ಕಾರಂಡ ಮಂತ್ರ ಎಸೆದ. ಹಾಯಿ ಇಳಿಸದವಳಿಗೆ ಅದು ತಾಗಲಿಲ್ಲ.

ಆಗ ಅವನು ಗಾಳಿ ನಿಲ್ಲಿಸಿದ. ಕಡಲು ಎಣ್ಣೆಯಂತಾಯಿತು.

“ಹಾಯಿ ಇಳಿಸು, ಗಾಳಿ ಕೊಡುತ್ತೇನೆ.”

“ಇಳಿಸಲ್ಲ.” ಅಂಗೈ ಬೊಬ್ಬೆಯೆದ್ದರೂ ದುಗ್ಗಿ ಹುಟ್ಟು ಹಾಕುತ್ತಲೇ ಹೋದಳು.

ಆಮೇಲೆ ಮಂಜು ಕವಿಸಿದ. ನೀರಿನೊಳಗಿಂದ ಗುರುವನ ದನಿ ಬಂತು: “ತಂಗೀ, ಮುಂದೆ ಬಂಡೆ! ಹಾಯಿ ಇಳಿಸು!”

ದುಗ್ಗಿ ಮೇಲೆ ನೋಡಿದಳು. ಅಣ್ಣ ಕಂಬದ ಮೇಲೆಯೇ ಇದ್ದ. “ಇಳಿಸಲ್ಲ,” ಎಂದಳು. ದನಿ ಬುಳಬುಳನೆ ಮುಳುಗಿತು.

ಕೊನೆಗೆ ಬಿರುಗಾಳಿ ಬಂತು, ಅದರೊಂದಿಗೆ ಏಳು ಬಾಲದ ಮಕರವೂ ಬಂತು. ಒಂದೇ ಏಟಿಗೆ ಹಾಯಿಕಂಬ ಮುರಿಯಿತು. ಅಣ್ಣ ಹಾರಿ ದೋಣಿಯ ಮುಂತುದಿಗೆ ಬಂದ. ದುಗ್ಗಿ ಎದ್ದು ನಿಂತು ಹಾಯಿಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದಳು. ಕೈ ಸೋತಾಗ ಅಂಚನ್ನು ಹಲ್ಲಿನಲ್ಲಿ ಕಚ್ಚಿದಳು.

“ಈಗಲಾದರೂ ಇಳಿಸು!” ಕಾರಂಡ ಕಿರುಚಿದ.

ಬಾಯಲ್ಲಿ ಹಾಯಿಯಿತ್ತು. ದುಗ್ಗಿ ತಲೆ ಅಲ್ಲಾಡಿಸಿದಳು.

ಬಿರುಗಾಳಿಗೆ ಹೆದರಿ ಮತ್ತೆ ಹಾಯಿ ಇಳಿಸಿ ಕೂತಿದ್ದವರೆಲ್ಲ ಅದನ್ನು ಕಂಡರು. ಸೋಮಜ್ಜನಿಗೆ ತಡೆಯಲಾಗಲಿಲ್ಲ. “ಕಂಬ ಇಲ್ಲದ ಹುಡುಗಿ ಹಿಡಿದಿದ್ದಾಳೆ, ಕಂಬ ಇದ್ದ ನಮಗೇನು ಧಾಡಿ? ಏರಿಸ್ರೋ!”

ಹಾಯಿಗಳು ಸರಸರನೆ ಏರಿದವು. ಗಾಳಿ ತನ್ನವರ ಬಳಿಗೆ ಮರಳಿತು. ಕಪ್ಪು ಹಾಯಿ ಜೋತುಬಿತ್ತು. ಮಕರ ನೊರೆಯಾಗಿ ಕರಗಿತು. ದುಗ್ಗಿಯ ದೋಣಿ ಎಲ್ಲರಿಗಿಂತ ಮೊದಲು ದಡ ಮುಟ್ಟಿತು. ಕಾರಂಡನ ಮೈಯೊಳಗೂ ತುಂಬಿದ್ದು ಗಾಳಿಯೇ. ಅದೂ ಹೊರಟುಹೋಗಿ ಅವನ ನಿಲುವಂಗಿಯಷ್ಟೇ ಉಳಿಯಿತು.

ಆಕಾಶದ ಹಕ್ಕಿಗಳೆಲ್ಲ ಮನುಷ್ಯರಾಗಿ ಮರಳಿನ ಮೇಲೆ ಧೊಪ್ಪಧೊಪ್ಪನೆ ಬಿದ್ದರು. ಗುರುವ ತಂಗಿಯನ್ನು ಅಪ್ಪಿಕೊಂಡು ಕೇಳಿದ: “ಅನ್ನ ಇದೆಯಾ ಮಾರಾಯ್ತಿ? ವರ್ಷವಿಡೀ ಬರೀ ಹಸಿ ಮೀನು!”

ಅಂದು ಊರಿಗೂರೇ ಒಟ್ಟಿಗೆ ಕೂತು ಬಿಸಿ ಅನ್ನ ಉಂಡಿತು. ಆಮೇಲೆ ಆ ನಾಡಿನಲ್ಲಿ ಎಲ್ಲರೂ ಸುಖವಾಗಿದ್ದರು. ಕರಿಬಂಡೆಯ ಎದುರು ಹೋಗುವಾಗ ಮಾತ್ರ ಪ್ರತಿ ದೋಣಿಯವರೂ ಹಾಯಿಯನ್ನು ಒಂದು ಗೇಣು ಮೇಲಕ್ಕೇ ಎಳೆಯುತ್ತಿದ್ದರು.