ಹರಳೆಣ್ಣೆಯ ವಾಸನೆ

ಠಾಣೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಅನಿಲನ ಬೈಕನ್ನು ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. ಎಂಜಿನ್ನಿನ ತಲೆ ಬಿಚ್ಚಿ ಆಗಿತ್ತು. ಒಳಗೆ ಪಿಸ್ಟನ್ನು ಗೋಡೆಗೆ ಕಚ್ಚಿಕೊಂಡು ನಿಂತಿತ್ತು. ಪೊಲೀಸರು ಕರೆಸಿದ ಮೆಕ್ಯಾನಿಕ್ಕು ಮರದ ತುಂಡಿಟ್ಟು ಬಡಿದ. ಅಲುಗಲಿಲ್ಲ.

"ಎಣ್ಣೆ ಇಲ್ಲ," ಎಂದು ಇನ್ಸ್‌ಪೆಕ್ಟರ್ ತಮಿಳಿನಲ್ಲಿ ಹೇಳಿದರು. "ಪೆಟ್ರೋಲಿಗೆ ಎಣ್ಣೆ ಬೆರೆಸಿಲ್ಲ. ಕಾದು ಪಿಸ್ಟನ್ ಹಿಡಿದಿದೆ. ಹಿಂದಿನ ಚಕ್ರ ನಿಂತೇ ಹೋಗಿದೆ. ಹುಡುಗ ಆ ವೇಗದಲ್ಲಿ..."

ಮುಂದಿನದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನ ಉದ್ದನೆಯ ನೇರ ದಾರಿ ಮುಗಿಯುವಲ್ಲಿ, ಭಾನುವಾರ ಮಧ್ಯಾಹ್ನ, ಎರಡನೇ ಸುತ್ತಿಗೇ ಅನಿಲ್ ಎಗರಿ ಬಿದ್ದಿದ್ದ. ಆಸ್ಪತ್ರೆ ಮುಟ್ಟಲಿಲ್ಲ. ಸೋಮವಾರ ಸುಟ್ಟು ಬಂದರು. ಮಂಗಳವಾರವಾದ ಇಂದು ಅವನ ಅಪ್ಪ ರಘುರಾಮ ಇಲ್ಲಿ ನಿಂತಿದ್ದಾರೆ, ಗಡ್ಡ ಬಿಟ್ಟ ಮುಖ ಹೊತ್ತು.

"ಕೇಳಿದೆಯಾ ಮುರಳಿ? ಎಣ್ಣೆ ಹಾಕದೆ ನನ್ನ ಮಗನನ್ನು ಕೊಂದ," ಎಂದರು. ಕೈ ತೋರಿಸಿದ್ದು ಜಗುಲಿಯ ಬೆಂಚಿನ ಕಡೆಗೆ. ಅಲ್ಲಿ ಚಂದು ಕೂತಿದ್ದ, ಅನಿಲನ ಮೆಕ್ಯಾನಿಕ್ಕು. ಹಿಂದಿನ ದಿನ ಸಂಜೆಯೇ ರಘುರಾಮರು ಅವನ ಮೇಲೆ ದೂರು ಕೊಟ್ಟಿದ್ದರು.

ಮುರಳೀಧರ ಬೈಕಿನ ಕಡೆ ತಿರುಗಿದ. ಅವನು ವಿಮಾ ಕಂಪನಿಯ ಸರ್ವೇಯರ್. ಮುರಿದ ವಾಹನದ ಮುಂದೆ ಕೂತು, ಇದು ಹೇಗೆ ಮುರಿಯಿತು ಎಂದು ಬರೆಯುವುದೇ ಅವನ ಹೊಟ್ಟೆಪಾಡು. ಆದರೆ ಇವತ್ತು ಅವನು ಅದಕ್ಕಾಗಿ ಬಂದವನಲ್ಲ. ಅನಿಲ್ ಅವನ ಅಕ್ಕ ಕಲಾವತಿಯ ಮಗ. ಬೆಳಿಗ್ಗೆ ಭಾವ ಅವನ ಎರಡೂ ಕೈ ಹಿಡಿದು ಕೇಳಿದ್ದರು: "ನೀನು ಪತ್ತೆ ಮಾಡು. ಯಾರು ಅಂತ ಒಂದು ಹೆಸರು ಹೇಳು. ಅಷ್ಟು ಸಾಕು ನನಗೆ." ಆಮೇಲೆ ವೇಲಚೇರಿಯ ಮನೆಯಿಂದ ಇಲ್ಲಿಯತನಕ ತಮ್ಮ ಹೋಟೆಲಿನ ಮಾರುತಿ ವ್ಯಾನನ್ನು ತಾವೇ ಓಡಿಸಿಕೊಂಡು ಬಂದರು. ದಾರಿಯಲ್ಲಿ ಪ್ರತಿ ತಿರುವಿಗೂ ವ್ಯಾನಿನ ಹಿಂದೆ ಒಂದು ಪ್ಲಾಸ್ಟಿಕ್ ಕ್ಯಾನು ಆ ಮೂಲೆಯಿಂದ ಈ ಮೂಲೆಗೆ ಉರುಳುತ್ತಿತ್ತು.

ಮುರಳೀಧರ ಪಂಚೆ ಎತ್ತಿ ಕಟ್ಟಿ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಈ ಬೈಕು ಅವನಿಗೆ ಗುರುತಿನದು. ರಘುರಾಮರೇ ಕೊಂಡದ್ದು. ಎಷ್ಟೋ ವರ್ಷ ಕೋಯಂಬೇಡು ಮಾರುಕಟ್ಟೆಯಿಂದ ಕೊತ್ತಂಬರಿ, ಬಾಳೆಲೆ ಇದರ ಮೇಲೇ ಬಂದವು. ಆಮೇಲೆ ಅನಿಲ್ ಕೇಳಿ ಇಸಿದುಕೊಂಡ. ಲೈಟು ಕಿತ್ತ, ಕನ್ನಡಿ ಕಿತ್ತ, ಸೀಟು ಕೊರೆದ. ವಾರವಿಡೀ ಹೋಟೆಲಿನ ಗಲ್ಲಾದಲ್ಲಿ ಕೂತು ಶನಿವಾರ ಬಂತೆಂದರೆ ಟ್ರ್ಯಾಕಿಗೆ ಓಡುತ್ತಿದ್ದ. "ಅನ್ನ ಕೊಟ್ಟ ಬಂಡಿಯನ್ನು ಅಸ್ಥಿಪಂಜರ ಮಾಡಿದ," ಎಂದು ರಘುರಾಮರು ಒಂದು ರೇಸಿಗೂ ಕಾಲಿಟ್ಟಿರಲಿಲ್ಲ, ಮೊನ್ನೆ ಭಾನುವಾರದ ತನಕ.

ಟ್ಯಾಂಕಿನ ಮೈತುಂಬ ಗೀರು. ಒಂದು ಕಡೆ ಜಜ್ಜಿತ್ತು. ಆದರೆ ಒಡೆದಿರಲಿಲ್ಲ. ಮುಚ್ಚಳ ತಿರುಗಿಸಿದ.

ಪೆಟ್ರೋಲು ಕತ್ತಿನ ತನಕ ಇತ್ತು.

ಬೆರಳು ಅದ್ದಿ ತೆಗೆದು, ಬಿಸಿಲಿಗೆ ಹಿಡಿದ. ಕ್ಷಣದಲ್ಲಿ ಆರಿತು. ತಿಕ್ಕಿ ನೋಡಿದ. ಜಿಡ್ಡು ಇದೆಯೋ ಇಲ್ಲವೋ ಎನ್ನುವಷ್ಟು. ಮೂಗಿಗೆ ಹಿಡಿದರೆ ದೂರದಿಂದ ಎಲ್ಲಿಂದಲೋ ಬಂದಂತೆ ಸಣ್ಣ ಒಂದು ವಾಸನೆ. ಏನದು?

ಎದ್ದು ಬೆಂಚಿನ ಹತ್ತಿರ ಹೋದ.

"ಚಂದು, ಎಣ್ಣೆ ಬೆರೆಸಿದ್ದೆಯಾ?"

"ಬೆರೆಸ್ದೆ ಸಾರ್. ಸಾಮಿ ಸತ್ಯವಾ ಬೆರೆಸ್ದೆ." ಚಂದುವಿನ ಅಪ್ಪ ಕನ್ನಡ ಸಿನಿಮಾದವರ ಜೊತೆ ಕೋಡಂಬಾಕ್ಕಂಗೆ ಬಂದು ಅಲ್ಲೇ ನಿಂತ ಲೈಟ್‌ಮ್ಯಾನು. ಮಗನ ಕನ್ನಡಕ್ಕೆ ತಮಿಳು ಅಂಟಿಕೊಂಡಿತ್ತು. "ರೋಡಲ್ಲಿ ಓಡೋವಾಗ ಇದ್ಕೆ ಎಣ್ಣೆ ಡಬ್ಬಿ ತನಿಯಾ, ಬೇರೆ ಇರತ್ತೆ, ಪಂಪ್ ಎಳ್ಕೊಳತ್ತೆ. ರೇಸ್‌ಗೆ ಅದನ್ನ ಕಿತ್ತಾಕಿ ಪೆಟ್ರೋಲಲ್ಲೇ ಕಲಸ್ಬೇಕು. ಮರೆಯೋಕೆ ಆಗತ್ತಾ ಸಾರ್? ಅನ್ನಕ್ಕೆ ಉಪ್ಪಾ ಇದು?"

"ಯಾವ ಎಣ್ಣೆ?"

"ರೇಸಿಂಗ್ ಎಣ್ಣೆ. ಹರಳೆಣ್ಣೆಯಿಂದ ಮಾಡಿರೋದು."

ಹರಳೆಣ್ಣೆ! ಮುರಳೀಧರ ಬೆರಳನ್ನು ಇನ್ನೊಮ್ಮೆ ಮೂಸಿದ. ಊರಲ್ಲಿ ಅಮ್ಮ ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆ. ಕಲಾವತಿ ಬಾಣಂತನಕ್ಕೆ ಬಂದಾಗ ಅನಿಲನ ನೆತ್ತಿಗೂ ತಟ್ಟಿದ್ದು. ಸಂಜೆ ಕೂಸನ್ನು ಎತ್ತಿಕೊಂಡರೆ ಅಂಗಿಗೆಲ್ಲ ಆ ವಾಸನೆ ಹತ್ತುತ್ತಿತ್ತು.

"ಎಷ್ಟು ಹಾಕಿದೆ ಟ್ಯಾಂಕಿಗೆ?"

"ಎರಡು ಲೀಟರ್. ರೇಸು ಚಿಕ್ಕದು. ಜಾಸ್ತಿ ಹಾಕಿದ್ರೆ ವೇಟು. ಒಬ್ಬನೂ ಹಾಕಲ್ಲ ಸಾರ್."

"ಮಿಕ್ಕದ್ದು?"

"ನನ್ನ ಕ್ಯಾನಲ್ಲೇ ಇದೆ. ಪೊಲೀಸ್ ಎತ್ಕೊಂಡ್ ಬಂದಿದಾರೆ ನೋಡಿ."

ಗೋಡೆಯ ಬದಿಗೆ ಚಂದುವಿನ ಸಾಮಾನು ರಾಶಿ ಬಿದ್ದಿತ್ತು. ಕ್ಯಾನಿನ ಮುಚ್ಚಳ ತೆಗೆದದ್ದೇ ತಡ, ನೆತ್ತಿಗೆ ಏರುವ ಹಾಗೆ ಹರಳೆಣ್ಣೆ. ಬೆರಳು ಅದ್ದಿದರೆ ಪೆಟ್ರೋಲು ಆರಿದ ಮೇಲೂ ಜಿಡ್ಡು ಹೋಗಲಿಲ್ಲ. ಪಂಚೆಗೆ ಒರೆಸಿದರೂ ಹೋಗಲಿಲ್ಲ.

ಹಾಗಾದರೆ ಚಂದು ಸುಳ್ಳು ಹೇಳಿಲ್ಲ. ಎರಡು ಲೀಟರು ಹಾಕಿದ ಟ್ಯಾಂಕು ಕತ್ತಿನ ತನಕ ತುಂಬಿದ್ದು ಹೇಗೆ? ಇನ್ಯಾರೋ ಬರೀ ಪೆಟ್ರೋಲು ಹೊಯ್ದಿದ್ದಾರೆ. ಹುಳಿಗೆ ನೀರು ಹೊಯ್ದ ಹಾಗೆ ಎಣ್ಣೆ ತೆಳ್ಳಗಾಗಿದೆ. ಯಾರು? ಯಾವಾಗ?

"ಬೈಕು ಬಿಟ್ಟು ಎಲ್ಲಿಗಾದರೂ ಹೋಗಿದ್ರಾ?"

"ರೇಸಿಗೆ ಮುಂಚೆ ಎಲ್ಲಾರ್ನೂ ಕರೆದು ರೂಲ್ಸ್ ಹೇಳ್ತಾರೆ. ಅನಿಲ್ ತಂಬಿ ಕೂಡ ನಾನೂ ಹೋದೆ. ಆಗ ಶೆಡ್ಡಲ್ಲಿ ಯಾರೂ ಇರ್ಲಿಲ್ಲ. ವಾಪಸ್ ಬಂದಾಗ..." ಚಂದು ತಡೆದ.

"ಬಂದಾಗ?"

"ಏನಿಲ್ಲ ಸಾರ್. ಬೈಕ್ ಪಕ್ಕ ಟಿಫಿನ್ ಕ್ಯಾರಿಯರ್ ಇತ್ತು. ಯಾರು ಇಟ್ಟರೋ ನೋಡ್ಲಿಲ್ಲ. ಗೋಳಿಬಜೆ ಇತ್ತು, ಇನ್ನೂ ಬಿಸಿ. ತಂಬಿ ಅದನ್ನ ನೋಡ್ತಾ ನಿಂತ್ಬಿಟ್ಟ. ಒಂದ್ ತಿಂದ, ನನಗೊಂದ್ ಕೊಟ್ಟ."

ಈ ಊರಲ್ಲಿ ಗೋಳಿಬಜೆ ಕರಿಯುವ ಹೋಟೆಲು ಮುರಳೀಧರನಿಗೆ ಗೊತ್ತಿದ್ದದ್ದು ಒಂದೇ. ಆ ಯೋಚನೆಯನ್ನು ಅಲ್ಲೇ ಒತ್ತಿ ಹಿಡಿದ. ಇನ್ನೂ ಒಬ್ಬನನ್ನು ಕೇಳುವುದಿದೆ. ಬೇರೆ ಯಾರಾದರೂ ಇರಬಹುದು. ಇರಲಿ, ದೇವರೇ.

ಹೇಳಿಕೆ ಕೊಡಲು ಬಂದಿದ್ದ ಅರವಿಂದ್ ಗೇಟಿನ ಹತ್ತಿರ ನಿಂತಿದ್ದ. ಪೆರುಂಗುಡಿಯ ಕಂಪನಿಯೊಂದರಲ್ಲಿ ಕೆಲಸ. ಅನಿಲನಿಗೆ ಟ್ರ್ಯಾಕಿನಲ್ಲಿ ಎದುರಾಳಿ. ಶನಿವಾರದ ಅರ್ಹತಾ ಸುತ್ತಿನಲ್ಲಿ ಅನಿಲ್ ಇವನನ್ನು ಹಿಂದೆ ಹಾಕಿದ್ದ. ಚಂದುವಿಗೆ ದುಡ್ಡು ತಿನ್ನಿಸಿದವನು ಇವನೇ ಎಂದು ರಘುರಾಮರ ಗುಮಾನಿ.

"ನೀನು ಅವನ ಶೆಡ್ಡಿಗೆ ಹೋಗಿದ್ದೆಯಾ?"

"ಇಲ್ಲ ಅಂಕಲ್. ರೂಲ್ಸ್ ಹೇಳುವಾಗ ನಾನು ಅವನ ಪಕ್ಕದಲ್ಲೇ ಇದ್ದೆ. ಅವನನ್ನು ಸೋಲಿಸಬೇಕು ಅಂತ ಇತ್ತು, ಪ್ರಾಮಿಸ್. ಟ್ರ್ಯಾಕ್ ಮೇಲೆ ಸೋಲಿಸಬೇಕು ಅಂತ. ಹೀಗಲ್ಲ."

"ಸ್ಟಾರ್ಟಿಗೆ ನಿಂತಾಗ ಅನಿಲ್ ಏನಾದರೂ ಹೇಳಿದ್ನಾ?"

"ಬೈಕ್ ಯಾಕೋ ಭಾರ ಅನ್ನಿಸ್ತಿದೆ ಅಂದ. ನಾನು, ಬೈಕ್ ಅಲ್ಲ ಕಣೋ, ಗೋಳಿಬಜೆ ಅಂದೆ. ನಕ್ಕ. ನಾನೂ ನಕ್ಕೆ." ಅರವಿಂದ್ ಮುಖ ಒರೆಸಿಕೊಂಡ. ಆಮೇಲೆ ಇನ್ನೊಂದು ಮಾತು ಹೇಳಿದ, ಬಾವುಟ ಬೀಳುವ ಮುಂಚೆ ಅನಿಲ್ ಆಡಿದ ಕೊನೆಯ ಮಾತು. ಅದನ್ನು ಕೇಳಿ ಮುರಳೀಧರ ಅವನ ಭುಜ ತಟ್ಟಿದ.

ಮೆಲ್ಲಗೆ ವ್ಯಾನಿನ ಹತ್ತಿರ ಹೋಗಿ ಹಿಂದಿನ ಬಾಗಿಲು ಎತ್ತಿದ. ಕ್ಯಾನು ಮೂಲೆಯಲ್ಲಿ ಅಡ್ಡ ಬಿದ್ದಿತ್ತು. ಎತ್ತಿದರೆ ಹಗುರ.

ಅವನಿಗೆ ಭಾವನ ಹೋಟೆಲು ಕಣ್ಣಿಗೆ ಬಂತು. ಸಾಂಬಾರಿನ ಪಾತ್ರೆ ಅರ್ಧಕ್ಕಿಳಿದರೆ ಅಡುಗೆಯವರಿಗೆ ಬೈಗುಳ. ಸಕ್ಕರೆ ಡಬ್ಬಿಯ ತಳ ಕಂಡರೆ ಅಪಶಕುನ. ಮದುವೆಮನೆಗೆ ಅಡುಗೆ ಒಯ್ಯುವ ವ್ಯಾನು ನಡುದಾರಿಯಲ್ಲಿ ನಿಂತರೆ ಮರ್ಯಾದೆ ಏನಾದೀತು ಎಂದು ಹಿಂದೆ ಒಂದು ಕ್ಯಾನು ಪೆಟ್ರೋಲು ಸದಾ ತುಂಬಿಸಿ ಇಟ್ಟಿರುತ್ತಿದ್ದರು. ತುಂಬಿದ ಕ್ಯಾನು ಎಲ್ಲಾದರೂ ಉರುಳುತ್ತದೆಯೇ? ಬೆಳಗಿನಿಂದ ಅದು ಕಿವಿಗೆ ಬಡಿಯುತ್ತಲೇ ಇತ್ತು. ಅವನು ಕೇಳಿಸಿಕೊಂಡಿರಲಿಲ್ಲ.

ಹೇಳದೆ ಇದ್ದುಬಿಟ್ಟರೆ? ಯಾರೋ ಎನ್ನಬಹುದು. ಗೊತ್ತಾಗಲಿಲ್ಲ ಎನ್ನಬಹುದು. ಜಗುಲಿಯ ಕಡೆ ನೋಡಿದ. ಚಂದು ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ ಕೂತಿದ್ದ. ಸಂಜೆಯೊಳಗೆ ಅವನನ್ನು ಕೋರ್ಟಿಗೆ ಒಯ್ಯುತ್ತಾರೆ.

"ಭಾವ, ಸ್ವಲ್ಪ ಇಲ್ಲಿ ಬನ್ನಿ."

ರಘುರಾಮರು ಬಂದರು. "ಸಿಕ್ಕಿತಾ ಹೆಸರು?"

"ಈ ಕ್ಯಾನು ಖಾಲಿ ಉಂಟಲ್ಲ. ಪೆಟ್ರೋಲು ಎಂತ ಆಯಿತು?"

"ಅದಾ?" ರಘುರಾಮರು ಹಣೆ ಉಜ್ಜಿಕೊಂಡರು. "ಅನಿಲನ ಬೈಕಿಗೆ ಹಾಕಿದೆ. ಶನಿವಾರ ರಾತ್ರಿ ಫೋನು ಮಾಡಿದ್ದ. ಅಪ್ಪ, ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿದೆ, ಒಂದೇ ಒಂದು ಸಲ ಬನ್ನಿ ಅಂತ. ಇಲ್ಲ ಅಂದೆ. ಬೆಳಿಗ್ಗೆ ಮನಸ್ಸು ತಡೆಯಲಿಲ್ಲ. ಗೋಳಿಬಜೆ ಕರಿಸಿಕೊಂಡು ಹೋದೆ. ಶೆಡ್ಡಿನಲ್ಲಿ ಯಾರೂ ಇಲ್ಲ. ಬೈಕು ಮಾತ್ರ ಉಂಟು, ನನ್ನ ಬೈಕು. ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ನಾಲ್ಕು ಹನಿ! ಅಷ್ಟು ಜನರ ಎದುರು ನಡುವೆ ನಿಂತರೆ ಹುಡುಗನ ಮುಖ ಎಲ್ಲಿಡುವುದು? ಹೊರಟವನನ್ನು ಬರಿಗೈಲಿ ಕಳಿಸುವುದುಂಟಾ? ಪೂರ್ತಿ ತುಂಬಿಸಿದೆ. ಅವನಿಗೆ ಹೇಳಲಿಲ್ಲ. ಗೆದ್ದು ಬರಲಿ, ಆಮೇಲೆ ಹೇಳುವ ಅಂತ ಮೇಲೆ ಗ್ಯಾಲರಿಗೆ ಹೋಗಿ ಕೂತೆ." ಅವರು ತಲೆ ಎತ್ತಿದರು. "ಯಾಕೆ ಕೇಳಿದೆ?"

ಮುರಳೀಧರ ಭಾವನ ಕೈ ಹಿಡಿದು ಬೈಕಿನ ಹತ್ತಿರ ಕರೆದೊಯ್ದ. ಅವರ ಒಂದು ಬೆರಳನ್ನು ಚಂದುವಿನ ಕ್ಯಾನಿಗೆ, ಇನ್ನೊಂದನ್ನು ಟ್ಯಾಂಕಿಗೆ ಅದ್ದಿಸಿದ.

"ಇದು ಚಂದು ಬೆರೆಸಿದ್ದು. ಹೀಗೆ ಇರಬೇಕು, ಜಿಡ್ಡು ಜಿಡ್ಡು. ಇದು ಟ್ಯಾಂಕಿನದು. ಒಣಗಿಹೋಯಿತು, ನೋಡಿ."

"ಆದರೆ ಇದಕ್ಕೆ ಎಣ್ಣೆ ಡಬ್ಬಿ ಬೇರೆಯೇ ಉಂಟು ಮಾರಾಯ. ಬಲಬದಿಗೆ, ಸೀಟಿನ ಕೆಳಗೆ. ನಾನೇ ಎಷ್ಟು ವರ್ಷ ಹಾಕಿದ್ದೇನೆ. ನನಗೆ ಗೊತ್ತಿಲ್ಲವಾ ಈ ಬೈಕು?" ರಘುರಾಮರು ಬಗ್ಗಿ ಬಲಬದಿಯನ್ನು ಕೈಯಿಂದ ತಡವಿದರು. ಬೆರಳುಗಳು ಹುಡುಕಿದವು. ಡಬ್ಬಿ ಇದ್ದ ಜಾಗದಲ್ಲಿ ಎರಡು ಬರಿಯ ತೂತುಗಳಿದ್ದವು.

"ರೇಸಿಗೆ ಅದನ್ನು ಕಿತ್ತು ಹಾಕ್ತಾರೆ ಭಾವ. ನಿಮಗೆ ಹೇಳಿದವರಿಲ್ಲ. ಭಾರ ಅನ್ನಿಸ್ತಿದೆ ಅಂತ ಅನಿಲ್ ಅಂದನಂತೆ. ಯಾರೂ ಲಕ್ಷ್ಯ ಕೊಡಲಿಲ್ಲ. ಚಂದು ತಪ್ಪು ಮಾಡಿಲ್ಲ. ಅರವಿಂದನೂ ಮಾಡಿಲ್ಲ."

ಭಾವ ಕೇಳಿದ್ದ ಹೆಸರನ್ನು ಮುರಳೀಧರ ಹೇಳಬೇಕಾಗಿ ಬರಲಿಲ್ಲ.

"ನಾನು," ಎಂದರು ರಘುರಾಮರು. ಲೆಕ್ಕದಲ್ಲಿ ತಪ್ಪು ಸಿಕ್ಕಿದವರ ಹಾಗೆ, ಸಣ್ಣ ದನಿಯಲ್ಲಿ. ಮತ್ತೊಮ್ಮೆ "ನಾನು" ಎಂದರು. ಆಮೇಲೆ ಆ ತೂತುಗಳ ಮೇಲೆ ಬೆರಳಿಟ್ಟುಕೊಂಡೇ ನೆಲಕ್ಕೆ ಕೂತರು. ಬೇವಿನ ಹಣ್ಣೆಲೆ ಅವರ ಬೆನ್ನ ಮೇಲೆ ಬಿತ್ತು.

"ಮುರಳಿ, ನಾನು ಬಂದದ್ದು ಅವನಿಗೆ ಗೊತ್ತಾಯಿತಾ?"

"ಗೊತ್ತಾಯಿತು ಭಾವ. ಟಿಫಿನ್ ಕ್ಯಾರಿಯರ್ ನೋಡಿಯೇ ಗೊತ್ತಾಗಿತ್ತು. ಸ್ಟಾರ್ಟಿಗೆ ನಿಂತಾಗ ಗ್ಯಾಲರಿಯಲ್ಲಿ ನಿಮ್ಮನ್ನು ಹುಡುಕಿ ಹಿಡಿದನಂತೆ. ಅರವಿಂದನ ತೋಳು ಎಳೆದು ತೋರಿಸಿದ್ದಾನೆ. 'ಡೇ, ಎಂಗಪ್ಪಾ ಡಾ' ಅಂದನಂತೆ. ನಮ್ಮಪ್ಪ ಕಣೋ ಅಂತ. ಅದೇ ಕೊನೆಯ ಮಾತು."

ರಘುರಾಮರು ತಲೆಯಾಡಿಸಿದರು. ಎದ್ದು ನಿಂತರು. ಪಂಚೆಯ ಮಣ್ಣು ಕೊಡವಿಕೊಳ್ಳಲಿಲ್ಲ. ನೆಟ್ಟಗೆ ಜಗುಲಿಗೆ ಹೋಗಿ ಚಂದುವಿನ ಮುಂದೆ ಕೈ ಮುಗಿದರು. ಚಂದು ಗಾಬರಿಯಿಂದ ಎದ್ದು "ಅಯ್ಯೋ, ಬೇಡ ಮೊದಲಾಳಿ, ದೊಡ್ಡವರು ನೀವು, ಬೇಡ" ಎಂದು ಆ ಕೈಗಳನ್ನು ಹಿಡಿದುಕೊಂಡ. ಅವನ ಕೈಯ ಜಿಡ್ಡು ಅವರ ಕೈಗೂ ಹತ್ತಿತು.

ಇನ್ಸ್‌ಪೆಕ್ಟರ್ ಎಲ್ಲ ಕೇಳಿ ಟೊಪ್ಪಿಗೆ ತೆಗೆದಿಟ್ಟರು. ದೂರಿನ ಕಾಗದ ಹಿಂದಕ್ಕೆ ಕೊಟ್ಟರು. ಚಂದುವಿಗೆ ಮನೆಗೆ ಹೋಗು ಎಂದರು.

ಹೊರಡುವಾಗ ವ್ಯಾನಿನ ಬೀಗದ ಕೈಯನ್ನು ಮುರಳೀಧರ ಇಸಿದುಕೊಂಡ.

"ಕಲಾವತಿಗೆ?" ಎಂದು ರಘುರಾಮರು ಕೇಳಿದರು.

"ನೀವೇ ಹೇಳಬೇಕು ಭಾವ. ನಾನು ಪಕ್ಕದಲ್ಲಿ ಇರ್ತೇನೆ."

ಅವರು ಮುಂದೆ ಹತ್ತಲಿಲ್ಲ. ಹಿಂದಿನ ಬಾಗಿಲು ಎತ್ತಿ, ಪಾತ್ರೆಗಳನ್ನಿಡುವ ಜಾಗದಲ್ಲಿ, ಖಾಲಿ ಕ್ಯಾನಿನ ಪಕ್ಕ, ಮೊಣಕಾಲು ಮಡಚಿ ಕೂತುಕೊಂಡರು. ಮುರಳೀಧರ ಎಂಜಿನ್ ಶುರು ಮಾಡಿದ. ವ್ಯಾನು ಹೆದ್ದಾರಿಗೆ ಇಳಿಯಿತು. ತಿರುವು ಬಂತು, ಮತ್ತೊಂದು ಬಂತು, ವೇಲಚೇರಿಯ ಗುಂಡಿಗಳೆಲ್ಲ ಬಂದು ಹೋದವು. ಮನೆ ಮುಟ್ಟುವ ತನಕ ಹಿಂದಿನಿಂದ ಕ್ಯಾನಿನ ಸದ್ದು ಬರಲಿಲ್ಲ. ಮುರಳೀಧರ ಕನ್ನಡಿಯಲ್ಲಿ ನೋಡಲಿಲ್ಲ.