ಹೇಮಾವತಿಗೊಂದು ಪ್ರೋಗ್ರಾಂ

“ಇದನ್ನ ಕಂಪ್ಯೂಟರಿಗೆ ಕಳಿಸಿದ್ರೆ ತಪ್ಪು ಉತ್ತರ ಬತ್ತದೆ ಕಣ್ರೀ.”

ತಾನು ಬರೆದ ಹಾಳೆಯನ್ನು ಎಲ್ಲರೆದುರೇ ಹಿಂದಿರುಗಿಸಿದ ರಂಗಸ್ವಾಮಿಯನ್ನು ಮಲ್ಲಿಗಮ್ಮ ದುರುಗುಟ್ಟಿ ನೋಡಿದಳು.

೧೯೬೮ರ ಮಾತು. ಹೇಮಾವತಿಯ ಹರಿವನ್ನು ಅಧ್ಯಯನ ಮಾಡಲು ಹೊಳೆನರಸೀಪುರದಲ್ಲಿ ಒಂದು ಸಣ್ಣ ಕಚೇರಿಯಿತ್ತು. ಅರಕಲಗೂಡಿನ ಮಲ್ಲಿಗಮ್ಮ ಬಿ.ಎಸ್ಸಿ. ಮುಗಿಸಿ ಅಲ್ಲಿ ಲೆಕ್ಕ ಮಾಡುವ ಕೆಲಸಕ್ಕೆ ಸೇರಿದ್ದಳು. ಚನ್ನರಾಯಪಟ್ಟಣದ ರಂಗಸ್ವಾಮಿ ಕಾನ್ಪುರದಲ್ಲಿ ಫೋರ್ಟ್ರಾನ್ ಕಲಿತು ಬಂದವನು. ಕಂಪ್ಯೂಟರಿಗೆ ಲೆಕ್ಕ ಒಪ್ಪಿಸುವ ಆ ಭಾಷೆಯನ್ನು ಕಚೇರಿಯವರಿಗೆ ಕಲಿಸುತ್ತಿದ್ದ.

“ಏನು ತಪ್ಪು ಸಾ?”

“ಹರಿವಿಗೆ ‘ನೀರು’ ಅಂತ ಹೆಸರಿಟ್ಟಿದ್ದೀರಿ. ಇಂಗ್ಲಿಷಿನ ಎನ್ ಅಕ್ಷರದಿಂದ ಶುರುವಾದ್ರೆ ಯಂತ್ರ ಅದನ್ನ ಪೂರ್ಣಾಂಕ ಅನ್ಕತದೆ. ದಶಾಂಶನೆಲ್ಲ ಬಿಸಾಕ್ಬುಡ್ತದೆ.”

“ನೀರಿಗೆ ನೀರು ಅನ್ನೋದೂ ತಪ್ಪಾ?”

ಕೋಣೆಯೇ ನಕ್ಕಿತು. ಅವನೂ ನಕ್ಕ. ಮಲ್ಲಿಗಮ್ಮನ ಕಣ್ಣು ತುಂಬಿತು.

‘ನಗಲಿ... ಇದನ್ನು ಕಲಿಯದೆ ಬಿಡುವವಳಲ್ಲ ನಾನು.’

ಅಂದಿನಿಂದ ಅವಳು ಹಟಕ್ಕೆ ಬಿದ್ದಳು. ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಮಳೆ ಬಿದ್ದರೆ ಹೊಳೆ ಎಷ್ಟು ಏರುತ್ತದೆಂದು ಮುಂಚೆಯೇ ಹೇಳುವ ಇಡೀ ಪ್ರೋಗ್ರಾಂ ಒಂದು ಸಂಜೆ ಕರಿಹಲಗೆಯ ಮೇಲೆ ನಿಂತಿತು. ರಂಗಸ್ವಾಮಿ ಬಹಳ ಹೊತ್ತು ನೋಡಿದ.

“ಈ ದಾರಿ ನಂಗೂ ಹೊಳೆದಿರ್ಲಿಲ್ಲ,” ಎಂದ ಮೆಲ್ಲಗೆ.

ಆ ದನಿಗೆ ಅವಳ ಎದೆ ಯಾಕೋ ಹಗುರಾಯಿತು...

ಆದರೆ ಮಾರನೆಯ ದಿನವೇ, ಕಚೇರಿಯ ಸಾಹೇಬರ ಕೋಣೆಯ ಬಾಗಿಲಲ್ಲಿ ಅವನ ಮಾತು ಕಿವಿಗೆ ಬಿತ್ತು. “ಪ್ರೋಗ್ರಾಂಗೆ ಇಬ್ರ ಹೆಸರು ಹಾಕ್ಬೇಡಿ ಸಾ, ಒಬ್ರದೇ ಸಾಕು.”

ಅವಳು ಅಲ್ಲಿಂದಲೇ ಹಿಂದಿರುಗಿದಳು. ‘ಹೊಗಳಿದ್ದು ಬಾಯಿಮಾತಿಗೆ. ಕೆಲಸ ನನ್ನದು, ಹೆಸರು ಅವರಿಗೆ!’ ಆಮೇಲೆ ಅವನ ಮುಖ ನೋಡುವುದನ್ನೇ ಬಿಟ್ಟಳು.

ಪ್ರೋಗ್ರಾಂ ಬೆಂಗಳೂರಿನ ಕಂಪ್ಯೂಟರಿಗೆ ಹೋಯಿತು. ಉತ್ತರ ಬಂದ ದಿನ ಸಾಹೇಬರು ಎಲ್ಲರನ್ನೂ ಕರೆದರು. ಉದ್ದನೆಯ ಕಾಗದ ಮೇಜಿನ ಮೇಲೆ ಬಿಚ್ಚಿಕೊಂಡಿತು. ಹೋದ ವರ್ಷ ಹೊಳೆಯಲ್ಲಿ ಅಳೆದ ನೀರಿಗೂ ಯಂತ್ರ ಹೇಳಿದ ನೀರಿಗೂ ಕೂದಲೆಳೆಯಷ್ಟೇ ವ್ಯತ್ಯಾಸ.

“ಭೇಷ್ ಮಲ್ಲಿಗಮ್ಮ,” ಎಂದರು ಸಾಹೇಬರು. “ನನ್ನ ಹೆಸರು ಬೇಡ, ಇದು ಪೂರಾ ಅವರ ಕೆಲಸ, ಅವರೊಬ್ಬರ ಹೆಸರಲ್ಲೇ ಹೋಗಲಿ ಅಂತ ರಂಗಸ್ವಾಮಿ ಪಟ್ಟು ಹಿಡಿದಿದ್ದರು.”

ಕಚೇರಿಯೆಲ್ಲ ಚಪ್ಪಾಳೆ ತಟ್ಟಿತು. ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಅವಳ ಮನಸ್ಸಿಗೆ ನುಗ್ಗಿದವು.

ಎಲ್ಲರೂ ಹೋದ ಮೇಲೆ ಕೇಳಿದಳು, “ನಂಗ್ಯಾಕೆ ಏಳ್ಲಿಲ್ಲ ಸಾ?”

“ನೀವು ಮಾತಾಡಿಸಿದ್ರಲ್ವಾ ಏಳೋದು?”

“ಅರ್ಧ ಕೇಳುಸ್ಕೊಂಡು ಕ್ವಾಪ ಮಾಡ್ಕೊಂಡೆ... ತಪ್ಪಾಯ್ತು.”

ಅವನು ಕಿಟಕಿಯತ್ತ ನೋಡುತ್ತ ನಿಂತ. “ಭಾನುವಾರ ಅರಕಲಗೂಡಿಗೆ ಬರ್ಲಾ? ನಿಮ್ಮಪ್ಪನ್ನ ಒಂದು ಮಾತು ಕೇಳ್ಬೇಕು.”

“ಅಪ್ಪನ್ನ ಆಮೇಲೆ ಕೇಳೀರಂತೆ. ಮೊದ್ಲು ನನ್ನ ಕೇಳಿ.”

ರಂಗಸ್ವಾಮಿ ಅವಳತ್ತ ತಿರುಗಿದ. “ನನ್ನ ಮದ್ವೆ ಆಯ್ತೀರಾ?”

“ಆಯ್ತೀನಿ. ಆದ್ರೆ ಕೆಲಸ ಬುಡಾಕಿಲ್ಲ.”

“ಬುಡಿ ಅಂದೋರ್ಯಾರು?”